ಕಿಲ್ಕೀಯಲ್ಲಿ ಕಾಣೆಯಾದ ಭಸ್ಮ

ಚೀಲ ಇತ್ತು. ಅದರೊಳಗಿನ ಡಬ್ಬಿ ಇರಲಿಲ್ಲ.

ಬ್ರೀಡಾ ವ್ಯಾನಿನ ಬಾಗಿಲಲ್ಲಿ ನಿಂತು ಖಾಲಿ ಚೀಲವನ್ನು ಎರಡು ಸಲ ತಲೆಕೆಳಗು ಮಾಡಿದಳು. ಅವಳ ಗಂಡ ಮ್ಯಾಲಕಿಯ ಭಸ್ಮವನ್ನು ಕಿಲ್ಕೀಯ ಕಡಲಿಗೆ ಬಿಡಬೇಕೆಂದೇ ನಾವು ಲಿಮರಿಕ್‌ನಿಂದ ಬೆಳಿಗ್ಗೆ ಹೊರಟು ಬಂದಿದ್ದೆವು. ಅದು ಅವನ ಕೊನೆಯ ಆಸೆ. ವ್ಯಾನ್ ನನ್ನದು. ಬೀಗ ಹಾಕದೆ ಟೀ ಕುಡಿಯಲು ಹೋದವನೂ ನಾನೇ.

"ಟೈಗ್, ಯಾರೋ ಕದ್ದುಬಿಟ್ರು ಕಣೋ! ಸತ್ತವನನ್ನೂ ಕದೀತಾರಾ?"

ಪುಣ್ಯಕ್ಕೆ ನುವಾಲಾ ಜೊತೆಗಿದ್ದಳು. ನಮ್ಮ ಬೀದಿಯವಳು, ಪೊಲೀಸ್ ಪತ್ತೇದಾರಿಕೆಯಿಂದ ನಿವೃತ್ತಳಾಗಿದ್ದರೂ ನೋಟ ಮಾತ್ರ ನಿವೃತ್ತವಾಗಿರಲಿಲ್ಲ. ಅವಳು ಚೀಲವನ್ನು ಕೈಗೆ ತೆಗೆದುಕೊಂಡಳು.

"ನೀನು ಬಂದಾಗ ಜಿಪ್ ಹೇಗಿತ್ತು?"

"ಹಾಕಿತ್ತು."

"ವ್ಯಾನಿನ ಬಾಗಿಲು?"

"ಅದೂ ಮುಚ್ಚಿತ್ತು."

"ಹಾಗಾದ್ರೆ ಬೀದಿ ಕಳ್ಳ ಅಲ್ಲ. ಅವನಾಗಿದ್ರೆ ಚೀಲಾನೇ ಎತ್ಕೊಂಡು ಓಡ್ತಿದ್ದ. ಇದು ಗೊತ್ತಿರೋರ ಕೆಲಸ."

ಅಷ್ಟರಲ್ಲಿ ಈಜಲು ಹೋಗಿದ್ದ ಫಿಂಟನ್ ಮೈಯೆಲ್ಲ ನೀರು ಸುರಿಸುತ್ತ ಮರಳಿನಿಂದ ಮೇಲೆ ಬಂದ. ಮ್ಯಾಲಕಿಯ ಮೊದಲ ಹೆಂಡತಿಯ ಮಗ, ಜರ್ಮನಿಯಲ್ಲಿರುವವನು. ಬ್ರೀಡಾ ಅವನ ಮೇಲೆ ಹರಿಹಾಯ್ದಳು.

"ಎಲ್ಲಿಟ್ಟಿದ್ದೀಯ? ಹೇಳು!"

"ಏನನ್ನ?"

"ನಿಮ್ಮಪ್ಪನನ್ನ!"

ಅವನ ಮುಖ ಬಿಳುಚಿತು. "ನಾನು ಬರೋವರೆಗೂ ಕಾಯದೆ ಸುಟ್ಟುಬಿಟ್ರಿ. ಕೊನೇ ಸಲ ಮುಖ ನೋಡೋಕೂ ಬಿಡಲಿಲ್ಲ. ಈಗ ಕಳ್ಳತನಾನೂ ನನ್ನ ತಲೆಗೇ ಕಟ್ತೀರಾ?"

"ಸಿಟ್ಟು ಇದ್ದದ್ದು ನಿನಗೇ ತಾನೇ?"

"ಬ್ರೀಡಾ, ಸಾಕು," ಎಂದಳು ನುವಾಲಾ. "ನಾವು ಟೀ ಕುಡೀತಾ ಇದ್ದಷ್ಟು ಹೊತ್ತೂ ಅವನ ಹಳದಿ ಟೋಪಿ ನೀರಲ್ಲೇ ಇತ್ತು. ಟೀ ಅಂಗಡಿ ಕಿಟಕಿಯಿಂದ ನೋಡ್ತಾನೇ ಇದ್ದೆ. ಇವನಲ್ಲ."

"ಮತ್ತೆ ಯಾರು? ದೆವ್ವಾನಾ?"

ನುವಾಲಾ ಕಡಲಂಚಿನ ತಡೆಗೋಡೆಯ ಮೇಲೆ ಕೂತಿದ್ದ ಕನ್ಸೆಪ್ಟಾಳ ಬಳಿಗೆ ನಡೆದಳು. ಮ್ಯಾಲಕಿಯ ಅಕ್ಕ, ನಮ್ಮ ಜೊತೆಯೇ ಬಂದವಳು; ಕಪ್ಪು ಕೋಟು, ಬಿಗಿದ ತುಟಿ, ಮಡಿಲಲ್ಲೊಂದು ಕಾಗದದ ಪೊಟ್ಟಣ. ಅದರಲ್ಲಿ ಬೇಯಿಸಿದ ವಿಂಕಲ್, ಎಂದರೆ ಚಿಪ್ಪಿನ ಕಡಲಬಸವನಹುಳು — ಇಲ್ಲಿಗೆ ಬಂದವರೆಲ್ಲ ತಿನ್ನುವಂಥದ್ದು.

"ನೀವು ಎಲ್ಲಿದ್ರಿ, ಕನ್ಸೆಪ್ಟಾ?"

"ಇಲ್ಲೇ. ಗೋಡೆ ಮೇಲೆ ಕೂತು ವಿಂಕಲ್ ತಿಂತಾ ಇದ್ದೆ. ಈ ವಯಸ್ಸಲ್ಲಿ ಇನ್ನೇನು ಕುಣೀಲಾ?"

"ಎದ್ದು ಎಲ್ಲೂ ಹೋಗಲಿಲ್ವಾ?"

"ನನ್ನ ಮಂಡಿಗಳನ್ನೇ ಕೇಳಿ, ಅವೇ ಹೇಳ್ತಾವೆ."

"ರುಚಿಯಾಗಿದ್ಯಾ? ನನಗೂ ಒಂದು ಕೊಡಿ."

ಪೊಟ್ಟಣದ ಮಡಿಕೆಗೆ ಚುಚ್ಚಿದ್ದ ಗುಂಡುಸೂಜಿಯನ್ನು ನುವಾಲಾ ಕಿತ್ತು ಮಡಿಕೆ ಬಿಚ್ಚಿದಳು, ಚಿಪ್ಪಿನೊಳಗಿಂದ ಮಾಂಸ ಎಳೆದು ಬಾಯಿಗೆ ಹಾಕಿಕೊಂಡಳು. ನಾನೂ ಒಂದಕ್ಕೆ ಕೈಚಾಚಿದೆ. ನನಗೇನೂ ಹೊಳೆಯಲಿಲ್ಲ.

"ಟೈಗ್, ನೀನು ವಿಂಕಲ್ ಹೇಗೆ ತಿಂತೀಯ?"

"ಸೂಜಿಯಿಂದ. ಬೇರೆ ಹೇಗೆ?"

"ಸೂಜಿ ಇಲ್ಲದೆ?"

"ಚಿಪ್ಪು ನೆಕ್ಕಬೇಕು ಅಷ್ಟೆ."

"ಮಾರೋಳು ಸೂಜಿಯನ್ನ ಪೊಟ್ಟಣದ ಮಡಿಕೆಗೆ ಚುಚ್ಚಿಕೊಡ್ತಾಳೆ. ಅದು ಚುಚ್ಚಿದ ಹಾಗೇ ಇತ್ತು. ಮಡಿಕೆ ಬಿಚ್ಚಿರಲಿಲ್ಲ. ಸುತ್ತ ನೋಡು — ಒಂದೇ ಒಂದು ಖಾಲಿ ಚಿಪ್ಪು ಇದ್ಯಾ? ಕನ್ಸೆಪ್ಟಾ, ಇದರಿಂದ ನೀವು ಕದ್ರಿ ಅಂತ ಸಾಬೀತಾಗಲ್ಲ. ಸುಳ್ಳು ಹೇಳಿದ್ರಿ ಅಂತ ಮಾತ್ರ ಆಗುತ್ತೆ. ಇಲ್ಲಿ ಕೂತಿರಲಿಲ್ಲ ಅಂದ್ರೆ ಎಲ್ಲಿದ್ರಿ?"

ಮುದುಕಿ ಪೊಟ್ಟಣವನ್ನು ಪಕ್ಕಕ್ಕಿಟ್ಟಳು.

"ಚರ್ಚಲ್ಲಿ," ಎಂದಳು. "ಅವನೂ ಅಲ್ಲೇ ಇದ್ದಾನೆ. ಮೇರಿ ಮಾತೆಯ ಕಾಲ ಹತ್ರ, ಮೇಣದಬತ್ತಿಗಳ ಪಕ್ಕ. ಊರಲ್ಲಿರೋ ಅಮ್ಮನ ಗೋರಿಗೇ ಸೇರಿಸೋ ಹಾಗೆ ಬ್ರೀಡಾಗೆ ಹೇಳಿ ಅಂತ ಪಾದ್ರಿಗಳನ್ನ ಬೇಡ್ಕೊಳ್ಳೋಣ ಅಂತ ಹೋದೆ. ಅವರು ಇರಲಿಲ್ಲ."

"ನೀವಾ?" ಎಂದಳು ಬ್ರೀಡಾ. "ಯಾಕೆ?"

"ಒಬ್ಬನನ್ನ ಆಗಲೇ ಕೊಟ್ಟಿದ್ದೀವಿ ಈ ನೀರಿಗೆ! ನಮ್ಮ ತಮ್ಮ ಎಂಡ — ಎಲ್ಲರಿಗಿಂತ ಚಿಕ್ಕವನು. ಇಲ್ಲಿಗೇ ತಿರುಗಾಟಕ್ಕೆ ಬಂದಿದ್ವಿ. ಅಲೆ ಎಳ್ಕೊಂಡು ಹೋಯ್ತು, ಹೆಣಾನೂ ಕೊಡಲಿಲ್ಲ. ಅಮ್ಮ ಸಾಯೋವರೆಗೂ ಸಮುದ್ರ ಅನ್ನೋ ಮಾತು ಮನೇಲಿ ಎತ್ತೋ ಹಾಗಿರಲಿಲ್ಲ. ಇನ್ನೊಬ್ಬನನ್ನ ನನ್ನ ಕೈಯಾರೆ ಹಾಕ್ಲಾ?"

ಬ್ರೀಡಾ ಗೋಡೆಗೆ ಒರಗಿದಳು. ಅವಳ ಸಿಟ್ಟೆಲ್ಲ ಇಳಿದುಹೋಗಿತ್ತು.

"ನನಗೆ ಒಂದು ದಿನವೂ ಹೇಳಲಿಲ್ಲ ಅವನು. ಕಿಲ್ಕೀಯೇ ಯಾಕೆ ಅಂತ ಕೇಳಿದ್ರೆ, 'ಅಲ್ಲಿ ನಮ್ಮವರೊಬ್ಬರು ಕಾಯ್ತಿದ್ದಾರೆ' ಅಂತಿದ್ದ. ತಮಾಷೆ ಅಂದ್ಕೊಂಡಿದ್ದೆ."

"ಹಾಗಂದ್ನಾ ಅವನು?" ಎಂದಳು ಕನ್ಸೆಪ್ಟಾ.

ಫಿಂಟನ್ ಒದ್ದೆ ಮೈಮೇಲೆಯೇ ಅಂಗಿ ತೊಟ್ಟು ಚರ್ಚಿಗೆ ಓಡಿದ. ಡಬ್ಬಿಯನ್ನು ಎದೆಗವಚಿಕೊಂಡು ತಂದು ಬ್ರೀಡಾಳ ಕೈಗಿಟ್ಟ. ಅವರಿಬ್ಬರೂ ಆ ದಿನ ಮೊದಲ ಸಲ ಒಬ್ಬರನ್ನೊಬ್ಬರು ನೇರವಾಗಿ ನೋಡಿದರು.

"ನಿಮಗೆ ಬೇಡ ಅಂದ್ರೆ ಬೇಡ, ಕನ್ಸೆಪ್ಟಾ," ಎಂದಳು ಬ್ರೀಡಾ. "ಅಮ್ಮನ ಹತ್ರಾನೇ ಇಡೋಣ. ನಾನು ಜಗಳ ಮಾಡಲ್ಲ."

ಮುದುಕಿ ಗೋಡೆ ಹಿಡಿದುಕೊಂಡು ಮೆಲ್ಲಗೆ ಎದ್ದಳು. ಕಡಲಿಗೇ ಬಿಡಲು ಒಪ್ಪಿದಳೆಂದುಕೊಂಡು ಫಿಂಟನ್ ಮರಳಿಗೆ ಇಳಿಯುವ ಮೆಟ್ಟಿಲ ಕಡೆ ತಿರುಗಿದ.

"ಅಲ್ಲಲ್ಲ," ಕನ್ಸೆಪ್ಟಾ ಗದರಿದಳು. "ಅಲ್ಲಿ ಅವನಿಗೆ ಯಾರು ಸಿಗ್ತಾರೆ? ಎಂಡ ಹೋಗಿದ್ದು ಆಚೆ, ಆ ಬಂಡೆಗಳ ಹತ್ರ."

ಡಬ್ಬಿಗಾಗಿ ಎರಡೂ ಕೈ ಚಾಚಿದಳು. ಬ್ರೀಡಾ ಕೊಟ್ಟಳು. ಮುದುಕಿ ಎಲ್ಲರಿಗಿಂತ ಮುಂದೆ ನಡೆದಳು.