ವಾಪಸ್ ಹೋದ ರಕ್ತದ ಬಾಟಲಿ

"ರಕ್ತ ಹೆಪ್ಪುಗಟ್ಟಿದೆ ಡಾಕ್ಟ್ರೇ. ಮತ್ತೆ ತೆಗೆದು ಕಳಿಸಿ."

ಶಾಮಲಾ ಬಾಟಲಿಯನ್ನು ಲ್ಯಾಬಿನ ಕಿಟಕಿಯಾಚೆ ತಳ್ಳಿದಳು. ಆಚೆ ನಿಂತಿದ್ದವನು ಡಾಕ್ಟರ್ ನಂಜುಂಡ. ಹೋದ ವರ್ಷ ಮುಲುಂಡಿನ ಅವಳ ಮನೆಗೆ ಹೆಣ್ಣು ನೋಡಲು ಬಂದು, ಉಪ್ಪಿಟ್ಟನ್ನೂ ಮುಟ್ಟದೆ ಎದ್ದುಹೋದ ಅದೇ ಮಹಾಶಯ! ಈಗ ಪರೇಲಿನ ಈ ಆಸ್ಪತ್ರೆಯಲ್ಲಿ ಅವಳ ಕೈಗೇ ಸಿಕ್ಕಿದ್ದ.

ರಕ್ತಕ್ಕೆ ಏನೂ ಆಗಿರಲಿಲ್ಲ.

'ಅನುಭವಿಸು...' ಎಂದುಕೊಂಡಳು.

ಲಿವರ್ ಗಟ್ಟಿಯಾದವರಿಗೆ ಅನ್ನನಾಳದ ರಕ್ತನಾಳಗಳು ಊದಿಕೊಳ್ಳುತ್ತವೆ; ಒಡೆದರೆ ಜೀವವೇ ಹೋಗಬಹುದು. ನೋಡಬೇಕೆಂದರೆ ಗಂಟಲಿಗೆ ಕೊಳವೆ ಇಳಿಸಬೇಕು. ಅದಕ್ಕೆ ಹೆದರಿ ಎಷ್ಟೋ ಜನ ಬರುವುದೇ ಇಲ್ಲ. ಆಸ್ಪತ್ರೆಗೆ ಹೊಸದಾಗಿ ಬಂದ ಸೋನೋಗ್ರಫಿಯಲ್ಲಿ ಹೊಟ್ಟೆಯ ಎಡಬದಿಯ ಗುಲ್ಮ ಎಷ್ಟು ದೊಡ್ಡದಾಗಿದೆ, ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಷ್ಟು ಇಳಿದಿದೆ ಎಂದು ನೋಡಿ, ಅಪಾಯ ಯಾರಿಗೆಂದು ಮೊದಲೇ ತಿಳಿಯಲು ನಂಜುಂಡ ಹೊರಟಿದ್ದ. ಪ್ಲೇಟ್‌ಲೆಟ್ ಎಣಿಸಬೇಕಾದವಳು ಶಾಮಲಾ.

ಎಣಿಸಿದರೆ ತಾನೇ! ಅವನ ಬಾಟಲಿಗಳ ಮೇಲೆ ಹೆಸರಿರುತ್ತಿರಲಿಲ್ಲ, ನಂಬರ್ ಮಾತ್ರ. ಅವಳು ವಾಪಸ್ ಕಳಿಸುತ್ತಲೇ ಇದ್ದಳು. ಅವನು ಜಗಳವಾಡದೆ ತೆಗೆದುಕೊಂಡು ಹೋದಷ್ಟೂ ಅವಳ ಸಿಟ್ಟು ಏರುತ್ತಿತ್ತು.

ಅಂದು ಊಟಕ್ಕೆಂದು ಹೊರಟವಳು ವರಾಂಡದಲ್ಲಿ ನಿಂತುಬಿಟ್ಟಳು. ಬೆಂಚಿನ ಮೇಲೆ ಅವಳ ಅಪ್ಪ ವೆಂಕಟಸುಬ್ಬಯ್ಯ! ಎರಡೂ ಕೈ ಮಡಿಚಿ ಹತ್ತಿ ಒತ್ತಿಕೊಂಡಿದ್ದರು.

"ನಿಮ್ಮ ಲ್ಯಾಬಿನೋರು ವಾಪಸ್ ಕಳಿಸಿದ್ರಂತೆ ಕಣಮ್ಮ. ಮತ್ತೆ ಚುಚ್ಚಿದ್ರು..."

ಅವಳು ಪಕ್ಕದಲ್ಲಿ ಕುಳಿತು, ಇಲ್ಲಿಗೇಕೆ ಬಂದಿರಿ ಎಂದು ಕೇಳಿದಳು.

ಅಪ್ಪ ತಲೆ ತಗ್ಗಿಸಿ ಎಲ್ಲ ಹೇಳಿದರು. ಹೆಣ್ಣು ನೋಡಲು ಬಂದ ದಿನ ನಂಜುಂಡ ಅವರ ಹಳದಿ ಕಣ್ಣು, ಊದಿದ ಕಾಲು ಗಮನಿಸಿ, ಪಕ್ಕಕ್ಕೆ ಕರೆದು ಪರೀಕ್ಷೆ ಮಾಡಿಸಿಕೊಳ್ಳಿ ಎಂದಿದ್ದ. ಒಂದು ತೊಟ್ಟೂ ಕುಡಿಯದವರು ಅವರು. ಆದರೂ ಲಿವರ್ ಎಂದರೆ ಜನ ಕುಡುಕ ಎನ್ನುತ್ತಾರೆ, ಮಗಳಿಗೆ ಗಂಡು ಸಿಗುವುದಿಲ್ಲ ಎಂದು ಹೆದರಿ ಅವನನ್ನು ಅವರೇ ಕಳಿಸಿಬಿಟ್ಟಿದ್ದರು. ಹುಡುಗ ಒಪ್ಪಲಿಲ್ಲ ಎಂದು ಮನೆಯಲ್ಲಿ ಸುಳ್ಳು ಹೇಳಿದ್ದೂ ಅವರೇ. ಅವನು ಮಾತ್ರ ಮುಲುಂಡ್ ಸ್ಟೇಷನ್ನಿನಲ್ಲಿ ಸಿಕ್ಕಾಗಲೆಲ್ಲ ಪರೀಕ್ಷೆಗೆ ಬನ್ನಿ ಎಂದು ಬೇಡಿಕೊಂಡಿದ್ದ. ಕೊಳವೆ ನುಂಗಬೇಕಿಲ್ಲ ಎಂದ ಮೇಲೇ ಇವರು ಬಂದಿದ್ದು.

ಶಾಮಲಾ ಲ್ಯಾಬಿಗೆ ಓಡಿದಳು. ಅಪ್ಪನ ಹೊಸ ಬಾಟಲಿ ತೆಗೆದು ಅಳುತ್ತಲೇ ಎಣಿಸಿದಳು. ಪ್ಲೇಟ್‌ಲೆಟ್ ತೀರಾ ಕಡಿಮೆ.

ಮಗಳ ಕೈ ಹಿಡಿದುಕೊಂಡು ಅಪ್ಪ ಕೊನೆಗೆ ಕೊಳವೆಯನ್ನೂ ನುಂಗಿದರು. ಒಡೆಯಲು ಸಿದ್ಧವಾಗಿದ್ದ ರಕ್ತನಾಳಗಳಿಗೆ ಇಂಜೆಕ್ಷನ್ ಬಿತ್ತು. ಅವರು ಉಳಿದರು.

"ನನ್ನ ಮೇಲೆ ನೀವೂ ದೂರು ಕೊಡಿ ಡಾಕ್ಟ್ರೇ. ನಿಮ್ಮ ಮೇಲಿನ ಸಿಟ್ಟಿಗೆ ಎಷ್ಟು ಜನರನ್ನ ಸುಮ್ಮನೆ ಚುಚ್ಚಿಸಿದೆ ನಾನು..."

"ಮೊದಲು ಅವರ ಹತ್ರ ಕ್ಷಮೆ ಕೇಳಿ."

"ಕೇಳಿ ಬಂದೆ. ತಪ್ಪನ್ನೂ ನಾನೇ ಒಪ್ಪಿಕೊಂಡೆ, ಮೇಲಿನವರ ಹತ್ರ. ನೀವಾದರೂ ನಿಜ ಹೇಳಬಾರದಿತ್ತಾ?"

"ನಿಮ್ಮಪ್ಪ ಹೇಳಬೇಡಿ ಅಂದಿದ್ರು. ರೋಗಿ ಮಾತು ಮೀರೋ ಹಾಗಿಲ್ಲ." ನಂಜುಂಡ ದನಿ ತಗ್ಗಿಸಿದ. "ನಂಗೆ ಅವತ್ತೇ ನೀವು ಒಪ್ಪಿಗೆ ಆಗಿದ್ರಿ ಶಾಮಲಾ."

ಅವಳು ಕಣ್ಣೊರೆಸಿಕೊಂಡಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ.

"ಭಾನುವಾರ ಬನ್ನಿ. ಈ ಸಲ ಉಪ್ಪಿಟ್ಟು ಬಿಟ್ಟು ಎದ್ದರೆ ಸುಮ್ಮನಿರಲ್ಲ..."

"ಏಳೋದೇ ಇಲ್ಲ."