ಬೆನ್ನು ಹಾಕಿ ಕುಳಿತವಳು

“ಮದುವೆ ಆಗೋಣ್ವಾ?”

“ಹೂಂ.”

“ಬೇಡ, ಬಿಟ್ಬಿಡೋಣ್ವಾ?”

“ಹೂಂ.”

ಕೇಳಿದವಳು ತಾನೇ ನಕ್ಕುಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಅವನ ಅಕ್ಕ ನಿಟ್ಟುಸಿರಿಟ್ಟಳು.

“ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂತಾನೆ ಇವ್ನು. ಇವನ ಹೂಂ ನಂಬ್ಕೊಂಡು ಬಾಳ್ವೆ ಮಾಡ್ತೀಯೇನೇ?”

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗುವ ಮೊದಲು ಅವನು ಹೆಸರಾಂತ ಕಟಿಂಗ್ ಮಾಸ್ಟರ್. ಅವಳು ಅದೇ ಟೈಲರಿಂಗ್ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕುವವಳು. ಬಟ್ಟೆಯ ಮೇಲೆ ಬಗ್ಗಿದವನು ತಲೆಯೆತ್ತದೆ ಕಣ್ಣನ್ನಷ್ಟೇ ಎತ್ತಿ ನೋಡಿದರೆ ಸಾಕು, ಅವಳ ಸೂಜಿ ಬಟ್ಟೆ ಬಿಟ್ಟು ಬೆರಳನ್ನು ಚುಚ್ಚುತ್ತಿತ್ತು. ಮದುವೆಯ ಮಾತೆತ್ತಿದವನೂ ಅವನೇ. ಈಗಲೂ ಕೈ ಕಸುಬನ್ನು ಮರೆತಿರಲಿಲ್ಲ. ಯಾವುದನ್ನು ಮೊದಲು ಹಿಡಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಲಗಾಮು ಮಾತ್ರ ಕಳಚಿಹೋಗಿತ್ತು. ಯಾರಾದರೂ ಹೇಳುವವರೆಗೆ ಕುಳಿತಲ್ಲೇ ಕುಳಿತಿರುತ್ತಿದ್ದ.

ಅಂಗಡಿ ಮುಗಿಸಿ ಅವಳು ಅವನ ಮನೆಗೆ ಬಂದು ಎದುರು ಕುಳಿತರೆ, ಆಸ್ಪತ್ರೆಯವರು ಹೇಳಿದ್ದ ಬಟ್ಟೆ ಕತ್ತರಿಸುವ ಅಭ್ಯಾಸ ಸುಸೂತ್ರ. ಅಳತೆ, ಗುರುತು, ಕತ್ತರಿ, ಒಂದೂ ತಪ್ಪುತ್ತಿರಲಿಲ್ಲ. ಆಸ್ಪತ್ರೆಯ ಥೆರಪಿ ಕೋಣೆಯಲ್ಲಿ ಮಾತ್ರ ಗುರುತೇ ಹಾಕದೆ ಬಟ್ಟೆ ಸೀಳಿಬಿಟ್ಟ.

ಕಾರಣ ತಿಳಿಯಲು ಥೆರಪಿಸ್ಟ್ ಮನೆಗೇ ಬಂದರು. ಅವರು ನೋಡಿದ್ದು ಅವನನ್ನಲ್ಲ, ಅವಳನ್ನು.

“ನಿಮ್ಮ ಕಣ್ಣು ಚಾಕ್ ಮೇಲೆ ಹೋದ್ರೆ ಅವರ ಕೈ ಚಾಕ್‌ಗೆ ಹೋಗತ್ತೆ. ಕತ್ತರಿ ನೋಡಿದ್ರೆ ಕತ್ತರಿಗೆ. ಯೋಚ್ನೆ ಎಲ್ಲಾ ನೀವೇ ಮಾಡ್ತಿದ್ದೀರಲ್ಲಮ್ಮಾ!”

“ಗೊತ್ತಾಗ್ಲಿಲ್ಲ ಮೇಡಂ. ಇವರನ್ನ ಹೀಗೆ ನೋಡೀ ನೋಡೀ ರೂಢಿ.”

“ಬೆನ್ನು ಹಾಕಿ ಕೂತ್ಕೊಳ್ಳಿ. ತಪ್ಪಾಗ್ಲಿ. ತಪ್ಪು ಅಂತ ಅವರಿಗೇ ಹೊಳೀಬೇಕು. ಮೊದಲಿನ ಹಾಗೇ ಆಗ್ತಾರೆ ಅಂತ ಮಾತ್ರ ನಾನು ಮಾತು ಕೊಡಲ್ಲ.”

ಅವಳು ಗೋಡೆಗೆ ಮುಖಮಾಡಿ ಕುಳಿತಳು. ಅವನ ಪ್ರೀತಿಯೂ ತನ್ನ ಕಣ್ಸನ್ನೆಯ ಫಲವೇ? ಹಾಗಿದ್ದರೆ ತಾನು ಕೈಹಿಡಿಯುವುದು ಅವನನ್ನೋ, ತನ್ನದೇ ನೆರಳನ್ನೋ? ಬೆನ್ನ ಹಿಂದೆ ಸಂಜೆಗಳು ಸದ್ದಿಲ್ಲದೆ ಸವೆದವು. ಒಂದು ದಿನ ಕತ್ತರಿ ಆಡಿತು, ನಿಂತಿತು.

“ಥೂ!”

“ಏನಾಯ್ತು ಮಾಸ್ಟ್ರೇ?”

“ಎರಡೂ ಎಡಗೈ ತೋಳೇ ಆಯ್ತು. ಬಟ್ಟೆ ತಿರುವಿ ಹಾಸ್ಬೇಕಿತ್ತು.”

ಅವನಿಗೇ ಹೊಳೆದಿತ್ತು. ಅವಳು ತಿರುಗಲು ಹೋಗಿ ತಡೆದುಕೊಂಡಳು.

“ಬಿಡಿ, ಎರಡು ಎಡಗೈ ಇರೋ ಗಿರಾಕಿನ ಹುಡುಕೋಣ.”

ಅವನು ನಗಲಿಲ್ಲ. “ನನಗಿನ್ನು ಅಂಗಡಿ ಇಲ್ಲ, ಅಲ್ವಾ?”

ಸುಳ್ಳು ನಾಲಿಗೆಯ ತುದಿಗೆ ಬಂದರೂ ಅವಳು ನುಂಗಿಕೊಂಡಳು. ಗೋಡೆಯ ಸುಣ್ಣ ಕಣ್ಣೆದುರು ಮಸುಕಾಯಿತು.

“ಈ ಕಡೆ ತಿರುಗು,” ಎಂದ.

“ಆಗಲ್ಲ. ಮುಂದೇನು ಅಂತ ನಾನು ಹೇಳ್ಬಾರ್ದು.”

“ಅದನ್ನ ಕೇಳ್ತಿಲ್ಲ. ನಿನ್ನ ಮುಖ ನೋಡ್ಬೇಕು ಅನ್ನಿಸ್ತು.”

ಯಾರೂ ಹೇಳಿಕೊಡದ ಮಾತು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವನು ಮರೆತುಬಿಟ್ಟಾನೆಂದು ಹೆದರಿ, ಅವಳು ಒದ್ದೆಗಣ್ಣಲ್ಲೇ ತಿರುಗಿದಳು.

ಅವನು ಕಾಯುತ್ತಿದ್ದ.