ಮೊಂತರೆಲ್‌ನ ಸೀಲು

“ಬೇಡ” ಎಂದು ಸೊಲೇನ್ ಬಾಯಿ ತೆರೆಯುವಷ್ಟರಲ್ಲಿ ಸೀಲು ಬಿದ್ದಾಗಿತ್ತು.

ಥಪ್! ಕಾರ್ಡಿನ ಆರನೆಯ ಚೌಕದಲ್ಲಿ ನೇರಳೆ ಶಾಯಿ ಹೊಳೆಯಿತು. ‘ಅಶಿಲ್ ಬೇಕರಿ, ಮೊಂತರೆಲ್.’ ಪಕ್ಕದಲ್ಲಿ ಅಶಿಲ್ ಆ ದಿನದ ತಾರೀಖನ್ನೂ ಗೀಚಿದ.

“ತಗೋ ಪುಟ್ಟಿ,” ಎಂದು ಅವನು ತನ್ನ ಬ್ರೆಡ್ ವ್ಯಾನಿನ ಕಿಟಕಿಯಿಂದ ಕಾರ್ಡು ಚಾಚಿದ. ಅವನ ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡಿತ್ತು. “ನಾಲ್ಕು ಕಿಲೋಮೀಟರ್ ಏರು ಉಳೀತು ನಿಂಗೆ. ಆರಾಮಾಗಿ ಮನೆಗೆ ಹೋಗು.”

“ಆದ್ರೆ ಇದು ಲಾ ಗೂತ್ ಹಳ್ಳಿ! ಮೊಂತರೆಲ್ ಇರೋದು ಮೇಲೆ!”

“ಮೇಲೆ ಏನಿದೆ ಇವತ್ತು? ಬುಧವಾರ ಅಂಗಡಿ ಬಂದ್. ಬುಧವಾರ ನಾನು ಕೆಳಗಿನ ಹಳ್ಳಿಗಳಿಗೆ ಬ್ರೆಡ್ ಕೊಡ್ತೀನಿ. ನಾನೂ ಇಲ್ಲಿದೀನಿ, ಸೀಲೂ ಇಲ್ಲಿದೆ. ಹತ್ತಿಹೋಗಿದ್ರೆ ಬೀಗ ನೋಡ್ಕೊಂಡು ಬರ್ತಿದ್ದೆ, ಅಷ್ಟೇ.”

ಎರಡು ಸಲ ಹಾರ್ನ್ ಹೊಡೆದು ವ್ಯಾನು ಮುಂದಿನ ಹಳ್ಳಿಗೆ ಹೊರಟುಹೋಯಿತು. ಬಿಸಿ ಬ್ರೆಡ್ಡಿನ ವಾಸನೆ ಮಾತ್ರ ರಸ್ತೆಯ ಮೇಲೆ ಉಳಿಯಿತು.

ಆ ಕಾರ್ಡು ಊರಿನ ಸೈಕಲ್ ಕ್ಲಬ್ಬಿನದು. ಪ್ರತಿ ವಸಂತದಲ್ಲಿ ಒಂದು ಭಾನುವಾರ ಕ್ಲಬ್ಬಿನ ದೊಡ್ಡವರೆಲ್ಲ ಸೇರಿ ಕೆರೆಯವರೆಗೆ ಅರವತ್ತು ಕಿಲೋಮೀಟರ್ ಸೈಕಲ್ ತುಳಿಯುತ್ತಾರೆ. ಹೆದ್ದಾರಿಯಲ್ಲಲ್ಲ. ಗಂಟೆಗೊಂದು ಕಾರು ಬಂದರೆ ಹೆಚ್ಚು ಅನ್ನುವಂಥ ಸಣ್ಣ ಸಣ್ಣ ರಸ್ತೆಗಳಲ್ಲಿ. ಮಕ್ಕಳು ಅವರ ಜೊತೆ ಹೋಗಬೇಕಾದರೆ ಮೊದಲು ಸುತ್ತಮುತ್ತಲಿನ ಆರು ಊರುಗಳಿಗೆ ಸೈಕಲ್ಲಿನಲ್ಲೇ ಹೋಗಿ ಬರಬೇಕು. ಹೋದ ಗುರುತಿಗೆ ಅಲ್ಲಿನ ಅಂಗಡಿಯ ಸೀಲು ಹಾಕಿಸಬೇಕು. ಶನಿವಾರ ಸಂಜೆಯೊಳಗೆ ಕಾರ್ಡು ಕೊಡದವರು ಭಾನುವಾರ ಮನೆಯಲ್ಲೇ ಕೂರಬೇಕು.

ಸೊಲೇನ್‌ಗೆ ಐದು ಊರು ಕಷ್ಟವಾಗಲಿಲ್ಲ. ಮೊಂತರೆಲ್ ಬೇರೆ ವಿಷಯ. ಕಳೆದ ವರ್ಷ ಆ ಏರಿನಲ್ಲಿ, ಕಲ್ಲಿನ ಶಿಲುಬೆ ಇರುವ ತಿರುವಿನಲ್ಲಿ ಅವಳು ಕಾಲೂರಿದ್ದಳು. ಹುಲ್ಲಿನ ಮೇಲೆ ಕೂತು ಅತ್ತಿದ್ದಳು. ಕೊನೆಗೆ ಅಪ್ಪ ಕಾರು ತಂದು ಸೈಕಲ್ಲನ್ನು ಹಿಂದೆ ತುಂಬಿಕೊಂಡು ಹೋಗಿದ್ದ. ಕ್ಲಾಸಿನಲ್ಲಿ ಎಲ್ಲರಿಗೂ ಅವಳು ಹೇಳಿದ್ದು, “ಚೈನು ಕಿತ್ತುಹೋಯ್ತು” ಅಂತ. ನಿಜ ಗೊತ್ತಿದ್ದವನು ಚಿಕ್ಕಪ್ಪನ ಮಗ ಗಾಸ್ಪಾರ್ ಒಬ್ಬನೇ. ಇವತ್ತು ಜೊತೆಗೆ ಬಂದವನೂ ಅವನೇ. ಅವನಾಗಿ ಬಂದದ್ದಲ್ಲ, ಚಿಕ್ಕಮ್ಮ ಗದರಿಸಿ ಕಳಿಸಿದ್ದಳು.

“ಮುಗೀತಲ್ಲ, ನಡಿ,” ಅಂದ ಗಾಸ್ಪಾರ್. “ಅಮ್ಮ ಆಲೂಗಡ್ಡೆ ಪೈ ಮಾಡಿದಾಳೆ. ಆರಿಹೋಗುತ್ತೆ.”

ಸೊಲೇನ್ ಕಾರ್ಡು ನೋಡಿದಳು. ಆರೂ ಚೌಕ ತುಂಬಿದ್ದವು. ಆರನೆಯದನ್ನು ಹೆಬ್ಬೆರಳಿನಿಂದ ಮುಚ್ಚಿದಳು.

“ನಾನು ಮೇಲೆ ಹೋಗ್ತೀನಿ.”

“ಯಾಕೆ? ಸೀಲ್ ಬಿತ್ತಲ್ಲ!”

“ಸೀಲ್ ಬಿತ್ತು. ನಾನು ಹೋಗಿಲ್ಲ.”

“ತಲೆ ಕೆಟ್ಟಿದ್ಯಾ ನಿಂಗೆ? ಯಾರಿಗೆ ಗೊತ್ತಾಗುತ್ತೆ?”

ಸೊಲೇನ್‌ಗೆ ಸಿಟ್ಟು ಬಂತು. ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲಕ್ಕೆ ಬಿಗಿಯಾಗಿ ಎಳೆದುಕೊಂಡಳು.

“ನೀನು ಬರಬೇಡ. ಇಲ್ಲೇ ಬಿದ್ದಿರು.”

ಹದಿನಾಲ್ಕು ವರ್ಷದ ಹುಡುಗನಿಗೆ ಇಷ್ಟು ಹೇಳಿದರೆ ಸಾಕು. ಗಾಸ್ಪಾರ್ ಆಗಲೇ ಮರದ ನೆರಳಿನಲ್ಲಿ ಉದ್ದಕ್ಕೆ ಮಲಗಿಬಿಟ್ಟಿದ್ದ. “ಚೈನು ಜೋಪಾನ ಕಣೇ!” ಎಂದು ಕೂಗಿದ. “ಕಿತ್ತುಹೋದ್ರೆ ಕಾರ್ ಕಳಿಸ್ತೀನಿ!”

ಸೊಲೇನ್ ತಿರುಗಿ ನೋಡಲಿಲ್ಲ.

ರಸ್ತೆ ಕಿರಿದಾಗಿತ್ತು. ನಡುವೆ ಗೆರೆ ಎಳೆದ ಹಾಗೆ ಹುಲ್ಲು ಬೆಳೆದಿತ್ತು. ಬೇಲಿಯಾಚೆ ಕಂದು ಹಸುಗಳು ಮೆಲುಕು ಹಾಕುತ್ತ ಅವಳನ್ನೇ ನೋಡಿದವು. ಹಳದಿ ತಲೆಯ ಕಲ್ಲೊಂದು ಬಂತು: ‘ಮೊಂತರೆಲ್ 4.’

ಶುರುವಿನಲ್ಲಿ ಸಿಟ್ಟೇ ಸೈಕಲ್ಲನ್ನು ತಳ್ಳಿತು. ‘ಮೊಂತರೆಲ್ 3’ ಬರುವ ಹೊತ್ತಿಗೆ ಸಿಟ್ಟು ಮುಗಿದಿತ್ತು, ಏರು ಮುಗಿದಿರಲಿಲ್ಲ. ಎದುರಿನಿಂದ ಒಂದು ಟ್ರ್ಯಾಕ್ಟರ್ ಇಳಿದು ಬಂತು. ಓಡಿಸುತ್ತಿದ್ದವನು ಸ್ಟಿಯರಿಂಗಿನಿಂದ ಎರಡು ಬೆರಳೆತ್ತಿ ನಮಸ್ಕಾರ ಹೇಳಿದ. ಕೈಯೆತ್ತಿದರೆ ಬಿದ್ದೇ ಬೀಳುತ್ತೇನೆ ಅನ್ನಿಸಿ ಸೊಲೇನ್ ಬರಿಯ ತಲೆ ಆಡಿಸಿದಳು. ಟ್ರ್ಯಾಕ್ಟರಿನ ಶಬ್ದ ಕೆಳಗೆ ಕರಗಿದ ಮೇಲೆ ಅವಳ ಉಸಿರಿನ ಸದ್ದೊಂದೇ ಉಳಿಯಿತು.

‘ಮೊಂತರೆಲ್ 2’ ದಾಟಿತು. ಮುಂದೆ ತಿರುವು, ತಿರುವಿನಲ್ಲಿ ಶಿಲುಬೆ.

ಅಲ್ಲಿ ರಸ್ತೆ ಸೀದಾ ಎದ್ದು ನಿಂತ ಹಾಗಿತ್ತು. ಹೆಬ್ಬೆರಳಿನಿಂದ ಗೇರು ಒತ್ತಿದಳು. ಅದಕ್ಕಿಂತ ಹಗುರದ ಗೇರೇ ಇರಲಿಲ್ಲ. ತೊಡೆಗಳಲ್ಲಿ ಬೆಂಕಿ. ಒಂದು ಪೆಡಲು, ಇನ್ನೊಂದು ಪೆಡಲು, ಹಾಳಾದ್ದು ಇನ್ನೊಂದು...

ಕಾಲು ನೆಲಕ್ಕೆ ಬಂತು.

ಅದೇ ಜಾಗ! ಸೊಲೇನ್ ತನ್ನ ಕಾಲನ್ನೇ ಕೆಕ್ಕರಿಸಿ ನೋಡಿದಳು, ಅದೇನೋ ಬೇರೆಯವರ ಕಾಲು ಅನ್ನುವ ಹಾಗೆ. ಪಕ್ಕದಲ್ಲಿ ಹುಲ್ಲಿತ್ತು, ನೆರಳಿತ್ತು. ಕೂತರೆ ಮತ್ತೆ ಏಳುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೂರಲಿಲ್ಲ. ನಿಂತೇ ನೀರು ಕುಡಿದಳು. ಎದೆಯ ಬಡಿತ ಸ್ವಲ್ಪ ಇಳಿಯುವವರೆಗೆ ಕಾದಳು.

ಪೆಡಲು ಒತ್ತಿದಳು. ಸೈಕಲ್ಲು ಹಿಂದಕ್ಕೇ ಜಾರಿತು. ಮತ್ತೆ ಒತ್ತಿದಳು. ಹ್ಯಾಂಡಲ್ ಓಲಾಡಿ ಬೇಲಿಯ ಮುಳ್ಳು ಮೊಣಕೈ ಗೀರಿತು.

“ಇಲ್ಲ!” ಎಂದಳು ಸೊಲೇನ್. ಯಾರಿಗೆ ಅಂದಳೋ ಅವಳಿಗೇ ಗೊತ್ತಿಲ್ಲ.

ಮೂರನೆಯ ಸಲ ಅವಳು ಸೈಕಲ್ಲನ್ನು ರಸ್ತೆಗೆ ಅಡ್ಡ ತಿರುಗಿಸಿದಳು. ಅಡ್ಡ ಹೋದರೆ ಏರು ಕಡಿಮೆ. ಚಕ್ರ ಉರುಳಿತು! ಈ ಬೇಲಿಯ ತನಕ ಹೋಗಿ ತಿರುಗಿದಳು. ಆ ಬೇಲಿಯ ತನಕ ಹೋಗಿ ತಿರುಗಿದಳು. ಪೇಟೆಯ ರಸ್ತೆಯಲ್ಲಿ ಹೀಗೆ ಮಾಡಿದ್ದರೆ ಹತ್ತು ಕಾರುಗಳು ಹಾರ್ನ್ ಹೊಡೆದು ಬೈಯುತ್ತಿದ್ದವು. ಇಲ್ಲಿ ಕೇಳುವವರೇ ಇಲ್ಲ. ಇಡೀ ರಸ್ತೆ ಅವಳದೇ. ಹಾವಿನ ಹಾಗೆ ಹೊರಳುತ್ತ ಹೊರಳುತ್ತ ಅವಳು ಶಿಲುಬೆಯನ್ನು ದಾಟಿದಳು. ‘ಮೊಂತರೆಲ್ 1’ ಕೂಡ ಹಿಂದೆ ಬಿತ್ತು.

ಊರಿನ ಬೋರ್ಡಿನ ಹತ್ತಿರ ಬಂದಾಗ ಚರ್ಚಿನ ಗಂಟೆ ಹನ್ನೆರಡು ಹೊಡೆಯುತ್ತಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಊಟದ ಹೊತ್ತು. ಕಿಟಕಿಗಳ ಹಿಂದೆ ತಟ್ಟೆ ಚಮಚಗಳ ಸದ್ದು. ಬೇಕರಿಗೆ ಬೀಗ. ಸೊಲೇನ್ ಕಲ್ಲಿನ ತೊಟ್ಟಿಯ ನಲ್ಲಿಗೆ ತಲೆಯೊಡ್ಡಿದಳು.

ಎದುರಿನ ಮನೆಯ ನೀಲಿ ಕಿಟಕಿ ಧಡಕ್ಕನೆ ತೆರೆಯಿತು. ಕೊರಳಿಗೆ ಕರವಸ್ತ್ರ ಸಿಕ್ಕಿಸಿಕೊಂಡ ಅಜ್ಜಿಯೊಬ್ಬಳು ಹೊರಗೆ ಬಗ್ಗಿದಳು.

“ಬೇಕರಿ ಬಂದ್!”

“ಗೊತ್ತು ಮದಾಂ.”

“ಮತ್ತೆ ಯಾರ ಮನೆಗೆ ಬಂದೆ?”

“ಯಾರ ಮನೆಗೂ ಅಲ್ಲ. ಸೈಕಲ್ ತುಳ್ಕೊಂಡು ಬಂದೆ.”

ಅಜ್ಜಿ ಸೈಕಲ್ ನೋಡಿದಳು, ಇಳಿದುಹೋಗುವ ರಸ್ತೆ ನೋಡಿದಳು. “ಊಟದ ಹೊತ್ತಲ್ಲಿ? ಏನಕ್ಕೆ?”

“ಸುಮ್ನೆ.”

“ಸುಮ್ನೆ ಅಂತೆ!” ಕಿಟಕಿ ಮುಚ್ಚಿತು. ಒಳಗಿನಿಂದ ಮತ್ತೆ ಅವಳದೇ ದನಿ, “ಸುಮ್ನೆ ಹತ್ತಿ ಬಂದ್ಲಂತೆ ಕಣ್ರೀ!” ಯಾರೋ ಗಂಡಸು ಬಿದ್ದು ಬಿದ್ದು ನಕ್ಕ.

ಸಂಜೆ ಕ್ಲಬ್ಬಿನ ಮುಖ್ಯಸ್ಥೆ ಮದಾಂ ರುಸೆಲ್ ತನ್ನ ಗ್ಯಾರೇಜಿನಲ್ಲಿ ಟ್ಯೂಬಿಗೆ ತೇಪೆ ಹಾಕುತ್ತಿದ್ದಳು. ಅರವತ್ತು ದಾಟಿದ ಹೆಂಗಸು, ಮೀನಖಂಡಗಳು ಕಲ್ಲಿನಂತಿದ್ದವು. ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಸೊಲೇನ್ ಕೊಟ್ಟ ಕಾರ್ಡನ್ನು ನೋಡಿದಳು. ಪೆನ್ನು ಆರನೆಯ ಚೌಕಕ್ಕೆ ಬಂದು ನಿಂತಿತು.

“ಇವತ್ತಿನ ತಾರೀಖು. ಇವತ್ತು ಬುಧವಾರ. ಅಶಿಲ್ ಅಂಗಡಿ ಬಂದ್ ಅಲ್ವಾ?”

“ನಾವು ಹೋದಾಗ ತೆಗೆದಿತ್ತು ಮದಾಂ,” ಎಂದು ಪಕ್ಕದಲ್ಲಿದ್ದ ಗಾಸ್ಪಾರ್ ಥಟ್ಟನೆ ಹೇಳಿದ. “ನಾನೇ ನೋಡಿದೆ.”

“ಇಲ್ಲ,” ಅಂದಳು ಸೊಲೇನ್. ಗಾಸ್ಪಾರ್ ಅವಳ ಕಾಲು ತುಳಿದ. ಅವಳು ಅವನ ಕಾಲನ್ನು ಇನ್ನೂ ಜೋರಾಗಿ ತುಳಿದಳು. “ಲಾ ಗೂತ್‌ನಲ್ಲಿ ಹಾಕಿದ್ರು, ವ್ಯಾನಲ್ಲಿ. ಆಮೇಲೆ ನಾನು ಹತ್ತಿದೆ.”

“ಯಾರು ನೋಡಿದ್ರು?”

“ನೀಲಿ ಕಿಟಕಿ ಮನೆ ಅಜ್ಜಿ.”

“ಲಿಯೊಂತಿನ್! ಕಾಡುಹಂದಿ ತನ್ನ ಅಡುಗೆಮನೆಗೆ ಬಂದು ಸೂಪು ಕುಡೀತು ಅಂದವಳು. ಒಳ್ಳೆ ಸಾಕ್ಷಿ!” ಮದಾಂ ರುಸೆಲ್ ಕನ್ನಡಕದ ಮೇಲಿಂದ ನೋಡಿದಳು. “ಶಿಲುಬೆ ತಿರುವಲ್ಲಿ ಏನ್ಮಾಡ್ದೆ?”

“ಕಾಲೂರಿದೆ.”

“ಆಮೇಲೆ?”

“ಅಡ್ಡಡ್ಡ ಹೋದೆ. ಬೇಲಿಯಿಂದ ಬೇಲಿಗೆ.”

“ನಾನೂ ಅಲ್ಲಿ ಕಾಲೂರಿದೀನಿ. ಬೇಕಾದಷ್ಟು ಸಲ,” ಅಂದಳು ಮದಾಂ. ಆಮೇಲೆ ಪೆನ್ನಿನಿಂದ ಆರನೆಯ ಸೀಲಿನ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದಳು.

“ನೀನು ಹತ್ತಿದ್ದು ನಿಜ. ಸೀಲು ಕೆಳಗೆ ಬಿದ್ದದ್ದೂ ನಿಜ. ಮೇಲೆ ಬಿದ್ದ ಸೀಲು ಮಾತ್ರ ನಡೆಯುತ್ತೆ. ನಾನು ನಿನ್ನಷ್ಟಿದ್ದಾಗಿಂದ ಹೀಗೇ. ನಿನಗೊಂದು, ಬೇರೆಯವರಿಗೊಂದು ಮಾಡಕ್ಕಾಗಲ್ಲ.”

“ಇದು ಅನ್ಯಾಯ!” ಗಾಸ್ಪಾರ್ ಕೂಗಾಡಿದ. “ಅವಳು ನಿಜವಾಗ್ಲೂ ಹತ್ತಿದಾಳೆ ಮದಾಂ! ವಾಪಸ್ ಬಂದಾಗ ಮುಖ ನೋಡ್ಬೇಕಿತ್ತು, ಬೀಟ್‌ರೂಟ್ ಆಗಿತ್ತು!”

ಸೊಲೇನ್ ಅಳು ಬರುತ್ತದೆ ಎಂದು ಕಾದಳು. ಬರಲೇ ಇಲ್ಲ.

“ಶನಿವಾರ ಅಂಗಡಿ ಎಷ್ಟೊತ್ತಿನ ತನಕ ತೆಗೆದಿರುತ್ತೆ ಮದಾಂ?”

“ಹನ್ನೆರಡೂವರೆ.”

“ಸರಿ,” ಎಂದು ಅವಳು ಕಾರ್ಡನ್ನು ಜೇಬಿಗೆ ಹಾಕಿಕೊಂಡಳು.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಗಾಸ್ಪಾರ್ ಗೊಣಗುತ್ತಲೇ ಇದ್ದ. “ಹಠಮಾರಿ ಮುದುಕಿ. ನೀನು ಅದಕ್ಕಿಂತ ಹಠಮಾರಿ. ಸುಮ್ನಿದ್ದಿದ್ರೆ ಏನಾಗ್ತಿತ್ತು? ಈಗ ಮತ್ತೆ ಹತ್ಬೇಕು, ಆ ದರಿದ್ರ ಏರು!”

ಸೊಲೇನ್ ಅವನ ಮಾತು ಕೇಳುತ್ತಿರಲಿಲ್ಲ. ಅವಳ ಕಾಲುಗಳು ಆಗಲೇ ಯೋಚಿಸುತ್ತಿದ್ದವು. ಬಿಸಿಲೇರುವ ಮೊದಲೇ ಹೊರಡಬೇಕು. ನಾಲ್ಕರಿಂದ ಮೂರರ ಕಲ್ಲಿನ ತನಕ ಆತುರಪಡಬಾರದು. ಶಿಲುಬೆ ಕಂಡ ಕೂಡಲೇ, ಕಾಲು ಸೋಲುವುದಕ್ಕೆ ಮುಂಚೆಯೇ, ಅಡ್ಡ ತಿರುಗಿಸಬೇಕು. ಎಡಬೇಲಿಯ ಹತ್ತಿರ ಮುಳ್ಳಿದೆ, ಅಲ್ಲಿ ಸ್ವಲ್ಪ ಮೊದಲೇ ಹೊರಳಬೇಕು.

ಆ ಏರಿನಲ್ಲಿ ಅವಳಿಗೆ ಗೊತ್ತಿಲ್ಲದ ತಿರುವು ಈಗ ಒಂದೂ ಇರಲಿಲ್ಲ.